ಶಿವಮೊಗ್ಗದಿಂದ ತಿರುಪತಿಗೆ ವಿಮಾನದಲ್ಲಿ ದೂರವೆಷ್ಟು, ಸಮಯವೆಷ್ಟು?

ಪ್ರಶ್ನೆ (ದಾವಣಗೆರೆ)
ವಯಸ್ಸಾದ ನಮ್ಮ ತಾಯಿಯವರನ್ನು ತಿಮ್ಮಪ್ಪನ ದರ್ಶನಕ್ಕೆ ಕರೆದೊಯ್ಯಬೇಕಾಗಿದೆ. ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ ಹೊರಡುವ ಯೋಚನೆಯಿದೆ. ದೂರ ಹುಡುಕಿದರೆ ಒಂದು ಕಡೆ 426, ಇನ್ನೊಂದು ಕಡೆ 265, ಮತ್ತೊಂದು ಕಡೆ 230 ಎಂದಿದೆ. ಸಮಯವೂ ಒಂದೆಡೆ ಅರ್ಧ ಗಂಟೆ, ಇನ್ನೊಂದೆಡೆ ಒಂದು ಗಂಟೆಗೂ ಮಿಗಿಲು. ಯಾವುದನ್ನು ನಂಬಬೇಕು?

ಉತ್ತರ 1
ಮೂರೂ ಒಂದೇ ದೂರ, ಅಳತೆಗಳು ಮಾತ್ರ ಬೇರೆ. ಮೊದಲನೆಯದು ಕಿಲೋಮೀಟರು, ಎರಡನೆಯದು ಸಾಮಾನ್ಯ ಮೈಲಿ, ಮೂರನೆಯದು ವೈಮಾನಿಕರು ಬಳಸುವ ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಎರಡೂ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಭೂಮಿಯ ಗೋಳದ ಮೇಲೆ ಲೆಕ್ಕ ಹಾಕಿದ ಅತಿ ಹತ್ತಿರದ ದಾರಿ ಇದು. ಶಿವಮೊಗ್ಗವೂ ತಿರುಪತಿಯೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ದಾರಿ ಬಹುತೇಕ ನೇರ ಪೂರ್ವಕ್ಕೆ ಸಾಗುತ್ತದೆ.

ಉತ್ತರ 2
ಸಮಯದ ಗೊಂದಲಕ್ಕೆ ಕಾರಣ ಬೇರೆ. 426 ಕಿ.ಮೀ.ಯನ್ನು ಜೆಟ್ ವಿಮಾನದ ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿದರೆ ಅರ್ಧ ಗಂಟೆ ಬರುತ್ತದೆ, ಆದರೆ ಇಷ್ಟು ಹತ್ತಿರದ ಹಾರಾಟದಲ್ಲಿ ಹೆಚ್ಚಿನ ಪಾಲು ಏರುವುದರಲ್ಲಿ ಮತ್ತು ಇಳಿಯುವುದರಲ್ಲೇ ಕಳೆಯುವುದರಿಂದ ವಿಮಾನ ಆ ಪೂರ್ಣ ವೇಗದಲ್ಲಿ ಸಾಗುವುದು ಕೆಲವೇ ನಿಮಿಷ. ರನ್‌ವೇಗೆ ಹೋಗುವುದು, ಇಳಿಯುವ ಮೊದಲು ರನ್‌ವೇಯ ದಿಕ್ಕಿಗೆ ಸುತ್ತಿ ಬರುವುದು ಇವೂ ಸೇರುತ್ತವೆ. ಸ್ಟಾರ್ ಏರ್ 2023ರ ನವೆಂಬರ್‌ನಲ್ಲಿ ಶಿವಮೊಗ್ಗದಿಂದ ಸೇವೆ ಆರಂಭಿಸಿದಾಗ ತಂದದ್ದು 76 ಆಸನಗಳ ಎಂಬ್ರೇಯರ್ ಜೆಟ್. ಅಂಥದ್ದಕ್ಕೆ ಬಾಗಿಲು ಮುಚ್ಚಿದಾಗಿನಿಂದ ತೆರೆಯುವವರೆಗೆ ಸುಮಾರು ಒಂದು ಗಂಟೆ ಹಿಡಿಯಿರಿ. ಗಂಟೆಗೆ 510 ಕಿ.ಮೀ. ವೇಗದ ಎಟಿಆರ್ ಪ್ರೊಪೆಲ್ಲರ್ ವಿಮಾನವಾದರೆ ಇನ್ನೊಂದು ಕಾಲು ಗಂಟೆ ಸೇರಿಸಿಕೊಳ್ಳಿ.

ಉತ್ತರ 3 (ಚಿತ್ರದುರ್ಗ)
ಇಲ್ಲಿ ಒಂದು ವಿಷಯವನ್ನು ಗಮನಿಸಲೇಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ಗಾಳಿಯಲ್ಲಿ ಸುಮಾರು 238 ಕಿ.ಮೀ., ಅಲ್ಲಿಂದ ತಿರುಪತಿಗೆ 205, ಒಟ್ಟು 443. ಅಂದರೆ ಬೆಂಗಳೂರನ್ನು ಸುತ್ತಿ ಹೋದರೂ ಹೆಚ್ಚುವುದು ಬರೀ 17 ಕಿ.ಮೀ.! ಹೀಗಿದ್ದರೂ ವಿಮಾನ ಬದಲಿಸಲು ಕಾಯುವುದರಿಂದ ಎರಡು ಮೂರು ಗಂಟೆ ಸುಲಭವಾಗಿ ಹೋಗುತ್ತದೆ. ಆದ್ದರಿಂದ ದೂರದ ಅಂಕಿ ನೋಡಿ ನಿರ್ಧರಿಸಬೇಡಿ, ನೇರ ವಿಮಾನ ಇರುವ ದಿನವನ್ನು ಮೊದಲು ನೋಡಿ, ಆಮೇಲೆ ದರ್ಶನದ ಟಿಕೆಟ್ ಮಾಡಿಸಿ.

ನಿಮಗೆ ಹೊನ್ನಾಳಿ ಮೇಲೆ ಸೋಗಾನೆಗೆ ಸುಮಾರು ಎರಡು ಗಂಟೆಯ ದಾರಿ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದು ರೂಢಿಯಾದ್ದರಿಂದ ಹಾರಾಟಕ್ಕೆ ನಾಲ್ಕು ಗಂಟೆ ಮುಂಚೆ ಮನೆ ಬಿಡುವುದು ಕ್ಷೇಮ. ತಿರುಪತಿಯ ನಿಲ್ದಾಣ ಇರುವುದು ರೇಣಿಗುಂಟದಲ್ಲಿ. ಅಲ್ಲಿಂದ ಪಟ್ಟಣಕ್ಕೆ ಸುಮಾರು 15 ಕಿ.ಮೀ., ಬೆಟ್ಟದ ಘಾಟಿ ರಸ್ತೆ ಬೇರೆ. ನಮ್ಮ ಚಿತ್ರದುರ್ಗದವರಿಗೆ ಲೆಕ್ಕ ಬದಲಾಗುತ್ತದೆ: ಹೆದ್ದಾರಿ ಹಿಡಿದು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಿ ಅಲ್ಲಿಂದ ಹಾರುವುದೂ ಯೋಚಿಸತಕ್ಕದ್ದೇ.

ಪ್ರಶ್ನೆ ಕೇಳಿದವರು
ಬಹಳ ಉಪಕಾರವಾಯಿತು. ತಾಯಿಯವರಿಗೆ ಹೆಚ್ಚು ನಡೆಯಲಾಗದು; ಗಾಲಿಕುರ್ಚಿಯನ್ನು ನಿಲ್ದಾಣದಲ್ಲೇ ಕೇಳಬಹುದೇ?

ಉತ್ತರ 2
ಟಿಕೆಟ್ ಮಾಡಿಸುವಾಗಲೇ ನಮೂದಿಸಿ, ತಪ್ಪಿದರೆ ಕನಿಷ್ಠ 48 ಗಂಟೆ ಮೊದಲು ವಿಮಾನ ಸಂಸ್ಥೆಗೆ ತಿಳಿಸಿ. ಇಳಿಯುವ ಕಡೆಯೂ ಬೇಕೆಂದು ಹೇಳುವುದನ್ನು ಮರೆಯಬೇಡಿ.