ಕ್ರಿ.ಪೂ. 585ಕ್ಕೆ ಹೋದರೆ ಗ್ರಹಣವೇ ಇಲ್ಲ: ಕಾಲಯಾನ ಕಥೆಯ ಇಸವಿ ಪಟ್ಟಿ ಕೆಟ್ಟಿದೆ, ಸಹಾಯ ಬೇಕು

ಹಿಂದಿನ_ನಿಲ್ದಾಣ:

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ ಕಾಲಯಾನದ ಕಥೆಗಳನ್ನು ಬರೆಯುತ್ತಿದ್ದೇವೆ. ಎಲ್ಲ ಕಥೆಗೂ ನಾಯಕಿ ಒಬ್ಬಳೇ, ಯಂತ್ರವೂ ಒಂದೇ. ಇಸವಿಗಳನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿಟ್ಟಿದ್ದೇವೆ. ನಿನ್ನೆ ರಾತ್ರಿ ಕೂತು ತಾಳೆ ನೋಡಿದರೆ ಒಂದೂ ಕೂಡಿ ಬರುತ್ತಿಲ್ಲ.

ನಾಯಕಿ ಕ್ರಿ.ಪೂ. 585ರ ಮೇ 28ರಂದು ಅನಟೋಲಿಯಾದಲ್ಲಿ (ಈಗಿನ ಟರ್ಕಿ) ಇಳಿಯುತ್ತಾಳೆ. ಲಿಡಿಯನ್ನರಿಗೂ ಮೀಡರಿಗೂ ಯುದ್ಧ ನಡೆದಿರುತ್ತದೆ. ಸೂರ್ಯಗ್ರಹಣ ಆಗಿ ಎರಡೂ ಕಡೆಯವರು ಕತ್ತಿ ಕೆಳಗಿಡುತ್ತಾರೆ. ಆಕಾಶ ಹೇಗಿತ್ತು ನೋಡೋಣ ಅಂತ ಸ್ಟೆಲೇರಿಯಂ ಎಂಬ ಆಕಾಶ ತೋರಿಸುವ ಸಾಫ್ಟ್‌ವೇರ್‌ನಲ್ಲಿ ವರ್ಷ -585 ಎಂದು ಹಾಕಿದೆ. ಸೂರ್ಯ ಆರಾಮಾಗಿ ಹೊಳೆಯುತ್ತಿದ್ದಾನೆ. ಚಂದ್ರ ಹತ್ತಿರದಲ್ಲೇ ಇಲ್ಲ.

ಇನ್ನೊಂದು ಕಥೆಯಲ್ಲಿ ಅವಳು ಐಹೊಳೆಗೆ ಬರುತ್ತಾಳೆ. ಮೇಗುಟಿ ಗುಡಿಯಲ್ಲಿ ರವಿಕೀರ್ತಿಯ ಶಾಸನ ಕೆತ್ತುತ್ತಿರುವ ಹೊತ್ತು. ಅದರಲ್ಲಿ ಶಕ 556 ಅಂತಲೂ ಇದೆ, ಕಲಿ 3735 ಅಂತಲೂ ಇದೆ. ಶಕಕ್ಕೆ 78 ಕೂಡಿದರೆ ಕ್ರಿ.ಶ. 634. ಕಲಿಯುಗ ಶುರುವಾಗಿದ್ದು ಕ್ರಿ.ಪೂ. 3102ರಲ್ಲಿ, ಅದನ್ನು ಕಳೆದರೆ 633. ಒಂದೇ ಕಲ್ಲು, ಎರಡು ಇಸವಿ!

ಕೊನೆಯದು ಜಾಸ್ತಿ ಮುಜುಗರದ್ದು. ಮೂರನೇ ಕಥೆಯಲ್ಲಿ ಬ್ಯಾಬಿಲೋನಿನ ರಾಜ ಹಮ್ಮುರಾಬಿ ಪಟ್ಟಕ್ಕೆ ಬರುವುದು ಕ್ರಿ.ಪೂ. 1792ರಲ್ಲಿ. ಬೇರೆ ಗೆಳೆಯ ಬರೆದ ಆರನೇ ಕಥೆಯಲ್ಲಿ 1728ರಲ್ಲಿ. ಎರಡರಲ್ಲೂ ಬರುವ ಅರಮನೆಯ ಅಡುಗೆ ಹುಡುಗನಿಗೆ ಮಾತ್ರ ಹನ್ನೆರಡೇ ವರ್ಷ.

ಎಲ್ಲಿಂದ ಸರಿ ಮಾಡಲಿ?

ಪಂಚಾಂಗದ_ಪುಟ:

ನಿಮ್ಮ ಮೊದಲ ಎರಡು ತೊಂದರೆ ಬೇರೆ ಬೇರೆ ಅಲ್ಲ ಸರ್, ಒಂದೇ. ಸೊನ್ನೆ ವರ್ಷ.

ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ಬಿ1 ಇರುತ್ತದೆ, ಆಮೇಲೆ ಜಿ, ಅದರ ಮೇಲೆ 1. ಇತಿಹಾಸದವರ ಲಿಫ್ಟ್‌ನಲ್ಲಿ ಆ ಜಿ ಇಲ್ಲ. ಕ್ರಿ.ಪೂ. 1 ಮುಗಿದರೆ ನೇರ ಕ್ರಿ.ಶ. 1. ಖಗೋಳದವರಿಗೆ ಹೀಗಿದ್ದರೆ ಕೂಡಿ ಕಳೆಯುವುದು ಕಷ್ಟ. ಹಾಗಾಗಿ ಅವರು ಕ್ರಿ.ಪೂ. 1ನ್ನೇ 0 ಅನ್ನುತ್ತಾರೆ, ಕ್ರಿ.ಪೂ. 2 ಅವರಿಗೆ -1. ಸ್ಟೆಲೇರಿಯಂನದೂ ಇದೇ ಲೆಕ್ಕ. ನೀವು -585 ಹಾಕಿ ಕ್ರಿ.ಪೂ. 586ಕ್ಕೆ ಹೋಗಿದ್ದೀರಿ. -584 ಹಾಕಿ ನೋಡಿ.

ಐಹೊಳೆಯದ್ದೂ ಇದೇ ಕಥೆ. ಕ್ರಿ.ಪೂ. 3102 ಅಂದರೆ -3101. 3735ರಲ್ಲಿ 3101 ಕಳೆಯಿರಿ, 634 ಬರುತ್ತದೆ. ಕಲ್ಲಿನಲ್ಲಿ ತಪ್ಪಿಲ್ಲ.

ಹಿಂದಿನ_ನಿಲ್ದಾಣ:

ಬಂತು! -584, ಮೇ 28, ಸಂಜೆ ಕಡೆಗೆ ಗ್ರಹಣ. ನಾನು ಕಥೆಯಲ್ಲಿ ನಡುಮಧ್ಯಾಹ್ನ ಅಂತ ಬರೆದಿದ್ದೆ, ಅದನ್ನೂ ತಿದ್ದಬೇಕು.

ಆದರೆ ಗೆಳೆಯ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದಾನೆ, ಅದು ಇದೇ ಗ್ರಹಣಕ್ಕೆ ಮೇ 22 ಅನ್ನುತ್ತಿದೆ. ನೆರಳು ಬೀಳುವ ಜಾಗವನ್ನೂ ಅವನೇ ಲೆಕ್ಕ ಹಾಕಿದ್ದಾನೆ, ಅದು ಅಟ್ಲಾಂಟಿಕ್ ಸಾಗರದಲ್ಲಿ ಬೀಳುತ್ತಿದೆ. ಲಿಡಿಯನ್ನರಿಗೆ ಈಜು ಬರುತ್ತಿತ್ತಾ?

ಪಂಚಾಂಗದ_ಪುಟ:

ಹ್ಹಹ್ಹ. ತಾರೀಕು ತಪ್ಪಿಲ್ಲ, ಕ್ಯಾಲೆಂಡರ್ ಬೇರೆ. ಗ್ರೆಗೋರಿಯನ್ ಕ್ಯಾಲೆಂಡರ್ ಬಂದದ್ದು 1582ರಲ್ಲಿ, ಅದಕ್ಕಿಂತ ಹಿಂದಿನ ದಿನಗಳನ್ನು ಪುಸ್ತಕಗಳಲ್ಲಿ ಹಳೆಯ ಜೂಲಿಯನ್ ಲೆಕ್ಕದಲ್ಲಿ ಬರೆಯುವುದು ವಾಡಿಕೆ. ಜಾವಾಸ್ಕ್ರಿಪ್ಟ್ ಮಾತ್ರ ಇವತ್ತಿನ ಗ್ರೆಗೋರಿಯನ್ ಕ್ಯಾಲೆಂಡರನ್ನೇ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಆ ಕಾಲಕ್ಕೆ ಎರಡರ ನಡುವೆ 6 ದಿನದ ಅಂತರ. ಐಹೊಳೆಯ ಹೊತ್ತಿಗೆ ಬಂದರೆ ಅಂತರ 3 ದಿನ, ಅದೂ ಉಲ್ಟಾ ದಿಕ್ಕಿನಲ್ಲಿ.

ನೆರಳಿನ ವಿಷಯ ನನಗೆ ಬಹಳ ಇಷ್ಟದ್ದು, ಸ್ವಲ್ಪ ಉದ್ದ ಬರೆಯುತ್ತೇನೆ. ಭೂಮಿ ಸುತ್ತುವ ವೇಗ ನಿಧಾನವಾಗಿ ಕಡಿಮೆಯಾಗುತ್ತಿದೆ. ಮುಖ್ಯ ಕಾರಣ ಸಮುದ್ರದ ಉಬ್ಬರವಿಳಿತ. ದಿನದ ಉದ್ದ ನೂರು ವರ್ಷಕ್ಕೆ ಸುಮಾರು 1.7 ಮಿಲಿಸೆಕೆಂಡ್ ಹೆಚ್ಚುತ್ತದೆ ಅಷ್ಟೆ. ಆದರೆ ಇದು ದಿನಾ ಜಮೆಯಾಗುವ ಬಡ್ಡಿ. ಕ್ರಿ.ಪೂ. 585ರವರೆಗೆ ಹಿಂದಕ್ಕೆ ಹೋದರೆ ಒಟ್ಟು ವ್ಯತ್ಯಾಸ ಸುಮಾರು 5 ಗಂಟೆ ಆಗಿರುತ್ತದೆ. 5 ಗಂಟೆ ಅಂದರೆ 75 ಡಿಗ್ರಿ ರೇಖಾಂಶ. ನಿಮ್ಮ ಗೆಳೆಯ ಇದನ್ನು ಬಿಟ್ಟಿದ್ದಾರೆ, ನೆರಳು ಪಶ್ಚಿಮಕ್ಕೆ ಜಾರಿದೆ. ಕ್ರಿ.ಪೂ. 136ರ ಪೂರ್ಣ ಸೂರ್ಯಗ್ರಹಣವನ್ನು ಬ್ಯಾಬಿಲೋನಿನವರು ಜೇಡಿಮಣ್ಣಿನ ಹಲಗೆಯಲ್ಲಿ ಬರೆದಿಟ್ಟಿದ್ದಾರೆ. ಭೂಮಿ ಒಂದೇ ವೇಗದಲ್ಲಿ ಸುತ್ತುತ್ತಿದೆ ಅಂದುಕೊಂಡು ಲೆಕ್ಕ ಹಾಕಿದರೆ ಅದು ಸ್ಪೇನಿನ ಮಯೋರ್ಕಾ ದ್ವೀಪದ ಕಡೆ ಕಾಣಬೇಕಿತ್ತು.

ಕಾಲಯಂತ್ರ ಬರೆಯುವವರು ಇದನ್ನು ಮರೆತರೆ ನಾಯಕಿ ಇಳಿಯುವ ಊರೇ ಬದಲಾಗುತ್ತದೆ.

ಪರಿಹಾರ: ಶೀಟ್‌ನಲ್ಲಿ ತಾರೀಕನ್ನು ತಾರೀಕಾಗಿ ಇಡಬೇಡಿ. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ದಿನ ಗೊತ್ತೇ ಇಲ್ಲ, ನೀವು ಬರೆದದ್ದನ್ನು ಸುಮ್ನೆ ಅಕ್ಷರ ಅಂತ ಇಟ್ಟುಕೊಂಡಿರುತ್ತದೆ. ಅದರ ಬದಲು ಜೂಲಿಯನ್ ದಿನಸಂಖ್ಯೆ ಹಾಕಿ. ಕ್ರಿ.ಪೂ. 4713ರ ಜನವರಿ 1ರಿಂದ ಒಂದೊಂದೇ ದಿನ ಎಣಿಸಿಕೊಂಡು ಬರುವ ಸಂಖ್ಯೆ ಅದು. ನಿಮ್ಮ ಗ್ರಹಣದ ದಿನ 1507900. ನೋಡಿ, ಎಷ್ಟು ಚಂದದ ನಂಬರ್! ಅಸ್ಸೀರಿಯಾದ ಇಸವಿಗಳಿಗೆಲ್ಲ ಗೂಟ ಹೊಡೆದ ಹಾಗಿರುವ ಕ್ರಿ.ಪೂ. 763, ಜೂನ್ 15ರ ಗ್ರಹಣ 1442903. ಕಳೆದರೆ 64997 ದಿನ. ಸೊನ್ನೆ ವರ್ಷದ ತಲೆನೋವಿಲ್ಲ, ಕ್ಯಾಲೆಂಡರ್ ಜಗಳವೂ ಇಲ್ಲ.

ಶಿಲೆಕಲ್ಲು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಐಹೊಳೆ ಬಗ್ಗೆ ಒಂದು ಮಾತು ಬಿಟ್ಟುಹೋಗಿದೆ. ಶಾಸನದಲ್ಲಿ ವರ್ಷಗಳ ಜೊತೆ 'ಗತೇಷು' ಎಂಬ ಪದ ಇದೆ. ಅಂದರೆ ಅಷ್ಟು ವರ್ಷ ಕಳೆದ ಮೇಲೆ. ಮಗುವಿಗೆ ಐದು ತುಂಬಿ ಆರರಲ್ಲಿ ನಡೀತಿದೆ ಅನ್ನುತ್ತೇವಲ್ಲ, ಹಾಗೆ. 556 ತುಂಬಿದೆ, ನಡೆಯುತ್ತಿರುವುದು 557. ತುಂಬಿದ ವರ್ಷಕ್ಕೆ 78 ಕೂಡಬೇಕು, ನಡೆಯುವ ವರ್ಷಕ್ಕಾದರೆ 77. ವರ್ಷ ಚೈತ್ರದಲ್ಲಿ ಶುರುವಾಗುವುದರಿಂದ 634-35 ಅಂತ ಬರೆಯುವುದು ಕ್ಷೇಮ. ನಾಯಕಿ ಮಾಘದಲ್ಲಿ ಇಳಿದರೆ ಅದು 635.

ಹಮ್ಮುರಾಬಿಯದ್ದು ಬೇರೆ ಜಾತಿಯ ತೊಂದರೆ. ಅಲ್ಲಿ ನಿಮ್ಮ ಗೆಳೆಯರು ಇಬ್ಬರೂ ತಪ್ಪು ಮಾಡಿಲ್ಲ. ಅಷ್ಟು ಹಿಂದಿನ ಬ್ಯಾಬಿಲೋನಿಗೆ ವಿದ್ವಾಂಸರು ಒಂದಕ್ಕಿಂತ ಹೆಚ್ಚು ಕಾಲಗಣನೆ ಇಟ್ಟುಕೊಂಡಿದ್ದಾರೆ. ಮಧ್ಯಮ ಗಣನೆಯಲ್ಲಿ ಅವನು ಪಟ್ಟಕ್ಕೆ ಬಂದದ್ದು 1792, ಕಿರು ಗಣನೆಯಲ್ಲಿ 1728, ಹಿರಿ ಗಣನೆಯಲ್ಲಿ 1848. ಅಂತರ ನೋಡಿ: 64, 56. ಎರಡೂ ಎಂಟರ ಮಗ್ಗಿಯಲ್ಲಿವೆ. ಹಮ್ಮುರಾಬಿಯ ವಂಶದ ಅಮ್ಮಿಸದೂಕ ರಾಜನ ಕಾಲದಲ್ಲಿ ಶುಕ್ರ ಯಾವಾಗ ಕಂಡಿತು, ಯಾವಾಗ ಮರೆಯಾಯಿತು ಅಂತ ಬರೆದ ಹಲಗೆ ಸಿಕ್ಕಿದೆ. ಶುಕ್ರ ಎಂಟು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಅದೇ ಆಟ ಆಡುತ್ತದೆ. ಹಾಗಾಗಿ ಹಲಗೆ ಒಂದೇ ಆದರೂ ಹಲವು ಇಸವಿಗೆ ಹೊಂದುತ್ತದೆ.

ನಿಮ್ಮ ಇಡೀ ಸರಣಿಗೆ ಒಂದು ಗಣನೆ ಆರಿಸಿ. ಹಮ್ಮುರಾಬಿ ಕಥೆಗಳಲ್ಲಿ ಕ್ರಿ.ಪೂ. ಬರೆಯಲೇ ಬೇಡಿ, 'ಹಮ್ಮುರಾಬಿಯ 5ನೇ ವರ್ಷ' ಅಂತ ಬರೆಯಿರಿ. ಆ 1ನೇ ವರ್ಷ ಯಾವುದು ಅನ್ನುವುದು ಶೀಟ್‌ನ ಒಂದೇ ಖಾನೆಯಲ್ಲಿರಲಿ. ನಾಳೆ ಮನಸ್ಸು ಬದಲಾದರೆ ಆ ಖಾನೆ ತಿದ್ದಿದರೆ ಸಾಕು.

ಹಿಂದಿನ_ನಿಲ್ದಾಣ:

ಇಬ್ಬರಿಗೂ ದೊಡ್ಡ ನಮಸ್ಕಾರ. ದಿನಸಂಖ್ಯೆಯ ಕಾಲಂ ಹಾಕಿದೆ. ಪಕ್ಕದಲ್ಲಿ ನಾಯಕಿಯ ಸ್ವಂತ ದಿನಗಳಿಗೆ ಇನ್ನೊಂದು. ಅವಳು ಎಲ್ಲಿಗೆ ಹಾರಿದರೂ ಅದು ಒಂದೊಂದೇ ಏರುತ್ತದೆ, ವಯಸ್ಸು ಅದರಿಂದಲೇ. ಮಧ್ಯಮ ಗಣನೆ ಅಂತ ಮೂವರೂ ಒಪ್ಪಿದೆವು. ಅಡುಗೆ ಹುಡುಗನಿಗೆ ಈಗ ಎರಡು ಕಥೆಯ ನಡುವೆ ಮೂರು ತಿಂಗಳು ಮಾತ್ರ ಕಳೆದಿದೆ.

ಗೆಳೆಯ ಮಾತ್ರ ಅಟ್ಲಾಂಟಿಕ್ ನೆರಳನ್ನು ಅಳಿಸಲು ಒಪ್ಪುತ್ತಿಲ್ಲ. ಯಂತ್ರ ಕೆಟ್ಟು ನಾಯಕಿ ಸಮುದ್ರಕ್ಕೆ ಬೀಳುವ ಕಥೆಗೆ ಇಟ್ಟುಕೊಳ್ಳುತ್ತಾನಂತೆ.