ಸಹಾಯ ಬೇಕು: ‘ಸಪಲ್’ ಪದದ ಹಳೇ ಬಳಕೆ

ಎಲ್ಲರಿಗೂ ನಮಸ್ಕಾರ. ಮಂಗಳೂರು ಕಡೆಯ ಬುಟ್ಟಿ ಹೆಣೆಯುವವರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ತೆಳ್ಳಗೆ ಸೀಳಿ ನೀರಲ್ಲಿ ನೆನೆಸಿದ ಬೆತ್ತವನ್ನು ಬೆರಳಿಗೆ ಸುತ್ತಿದರೂ ಮುರಿಯುವುದಿಲ್ಲ. ಆ ಗುಣಕ್ಕೆ ಇಂಗ್ಲಿಷಿನ ‘ಸಪಲ್’ (supple, ಸುಲಭವಾಗಿ ಬಾಗುವ) ಚೆನ್ನಾಗಿ ಹೊಂದುತ್ತದೆ.

ಆದರೆ ಅದರ ಬೇರು ಲ್ಯಾಟಿನ್ನಿನ ‘ಸಪ್ಲೆಕ್ಸ್’. ಅಂದರೆ ಮಂಡಿಯೂರಿ ಬೇಡುವವನು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಮೇಲೂ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮನುಷ್ಯನಿಗೆ ಈ ಪದ ಬಳಸುತ್ತಿದ್ದರು. ಕಸುಬಿನವರ ಕೈ ಬಗ್ಗೆ ಬರೆಯುವಾಗ ಆ ಅರ್ಥ ಇಣುಕಬಾರದು, ಅಲ್ವಾ? ಬಾಗುವ ಎಂಬ ಅರ್ಥದ್ದೇ ಆದ ‘ಪ್ಲಯಂಟ್’ (pliant) ಕೂಡ ಅಷ್ಟೇ.

ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಯಾರ ಹತ್ತಿರವಾದರೂ ಇದ್ದರೆ ‘ಸಪಲ್’ ಇರುವ ಪುಟದ ಫೋಟೋ ಹಾಕಿ. ಹಳೇ ಉದಾಹರಣೆ ವಾಕ್ಯಗಳೇ ಮುಖ್ಯ. 1894ರಲ್ಲಿ ಮಂಗಳೂರಿನಲ್ಲೇ ಪ್ರಕಟವಾದ ಕಿಟ್ಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ಇರುವವರು ‘ಬಳುಕು’ ಎದುರು ಏನಿದೆ ನೋಡಿ ಹೇಳ್ತೀರಾ? ಉಡುಪಿಯವರಾದರೂ ಸರಿ, ನಾನೇ ಬಂದು ನೋಡುತ್ತೇನೆ.