ಕುದಿಸಿದರೆ ಫ್ಲೋರೈಡ್ ಹೋಗುತ್ತಾ? ನಮ್ಮ ಮನೆ ಗುಂಪಿನಲ್ಲಿ ನಿನ್ನೆ ರಾತ್ರಿ

ಬಾಗೇಪಲ್ಲಿ ಅತ್ತೆ: (ಫಾರ್ವರ್ಡ್) ಬೋರ್‌ವೆಲ್ ನೀರನ್ನು ಹತ್ತು ನಿಮಿಷ ಕುದಿಸಿದರೆ ಫ್ಲೋರೈಡ್ ಪೂರ್ತಿ ಹೋಗುತ್ತದೆ. ಎಲ್ಲರಿಗೂ ಕಳಿಸಿ 🙏

ಬಾಗೇಪಲ್ಲಿ ಅತ್ತೆ: ನಾನು ಮೊದಲಿಂದಲೂ ಹೇಳುತ್ತಿದ್ದೆ. ಯಾರು ಕೇಳಿದಿರಿ?

ದೊಡ್ಡಪ್ಪ: ಹಿರಿಯರ ಮಾತಿಗೆ ಈಗ ಬೆಲೆ ಎಲ್ಲಿದೆ? ನೀರು ಕುದಿಸೋಕೂ ಸೋಮಾರಿತನ.

ನಾನು: ಅತ್ತೆ, ಇದನ್ನು ಬರೆದವರು ಯಾರು? ಕುದಿಸಿದರೆ ವಾಂತಿ ಭೇದಿ ತರುವ ರೋಗಾಣು ಸಾಯುತ್ತವೆ, ಅದು ನಿಜ. ಫ್ಲೋರೈಡ್ ಉಪ್ಪಿನ ಹಾಗೆ, ಆವಿಯಲ್ಲಿ ಹೋಗಲ್ಲ. ನೀರು ಇಂಗಿದಷ್ಟೂ ಜಾಸ್ತಿಯಾಗುತ್ತದೆ.

ಬಾಗೇಪಲ್ಲಿ ಅತ್ತೆ: ನೀನು ಯಾವಾಗಲೂ ಹೀಗೇ. ಪುಟ್ಟಿ ನಾಮಕರಣದಲ್ಲೂ ಎಲ್ಲರ ಮುಂದೆ ನನ್ನ ಬಾಯಿ ಮುಚ್ಚಿಸಿದ್ದೆ.

ದೊಡ್ಡಪ್ಪ: ಅತ್ತೆಗೆ ಹಾಗೆ ಎದುರು ಮಾತಾಡಬಾರದಮ್ಮ.

ದುಬೈ ಅಣ್ಣ: ನಮ್ಮ ಹಳೇ ಬಾವಿ ನೆನಪಿದೆಯಾ? ಮೂವತ್ತು ಅಡಿಗೇ ನೀರು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತೆವು. ಎಳನೀರಿನಂಥ ನೀರು!

ಚಿಕ್ಕಪ್ಪ: ಅದು ಬತ್ತಿದ್ದು ಯಾಕೆ ಅಂತಾನೂ ಹೇಳಪ್ಪ. ಟೊಮ್ಯಾಟೊಗೆ ಅಂತ ಊರಲ್ಲಿ ಮೊದಲು ಬೋರ್ ಕೊರೆಸಿದ್ದು ನಿಮ್ಮಪ್ಪನೇ.

ದೊಡ್ಡಪ್ಪ: ನಿನ್ನ ಕಾಲೇಜು ಫೀಸು ಕಟ್ಟಿದ್ದೂ ಅದೇ ಟೊಮ್ಯಾಟೊ ದುಡ್ಡಲ್ಲಿ.

ನಾನು: ಜಗಳ ಆಮೇಲೆ ಆಡಿ. ಈಗ ಬೋರ್ 1,200 ಅಡಿಗೆ ಇಳಿದಿದೆ. ಅಷ್ಟು ಆಳದಲ್ಲಿ ನೀರು ಬಂಡೆ ಸಂದಿಯಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ಫ್ಲೋರೈಡ್ ಬರೋದು ಆ ಬಂಡೆಯಿಂದ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಅದಕ್ಕಿಂತ ಜಾಸ್ತಿಯಾದರೆ ಬೆಳೆಯೋ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ. ಹೋದ ಸಲ ಬಂದಾಗ ಪುಟ್ಟಿಯ ಹೊಸ ಹಲ್ಲು ನೋಡಿದೆ. ಸುಣ್ಣ ಬಳಿದಂಥ ಬಿಳಿ ಗೆರೆ. ಉಜ್ಜಿದರೆ ಹೋಗಲ್ಲ ಅತ್ತೆ.

ಬಾಗೇಪಲ್ಲಿ ಅತ್ತೆ: ಕುಡಿಯೋಕೆ ಘಟಕದ ನೀರೇ ತರೋದು. ಐದು ರೂಪಾಯಿ ಕಾಯಿನ್ ಹಾಕಿ, ದಿನಾ ಒಂದು ಕ್ಯಾನ್.

ನಾನು: ಮುದ್ದೆಗೆ ಎಸರು ಇಡೋದು ಯಾವ ನೀರಲ್ಲಿ? ಬೇಳೆ ಬೇಯಿಸೋದು?

ಬಾಗೇಪಲ್ಲಿ ಅತ್ತೆ: ಅದಕ್ಕೆ ಬೋರ್ ನೀರು. ಹೇಗೂ ಕುದಿಯುತ್ತಲ್ಲ ಅಂತ.

ನಾನು: ಅದೇ ನಾನು ಹೇಳುತ್ತಿರೋದು. ಎಸರಲ್ಲಿ ಇದ್ದದ್ದೆಲ್ಲ ಮುದ್ದೆಯಲ್ಲೇ ಉಳಿಯುತ್ತದೆ. ಪುಟ್ಟಿ ದಿನಾ ಎರಡು ಹೊತ್ತು ತಿನ್ನುತ್ತಾಳೆ.

ಬಾಗೇಪಲ್ಲಿ ಅತ್ತೆ: ಎರಡನೇ ಕ್ಯಾನ್ ಹೊರೋರು ಯಾರೇ? ನಿಮ್ಮ ಮಾವನಿಗೆ ಮಂಡಿ ನೋವು.

ಚಿಕ್ಕಪ್ಪ: ಬೋರ್ ಕೊರೆಸಿದವರೇ ಹೊರಲಿ.

ದೊಡ್ಡಪ್ಪ: ಹೊರುತ್ತೇನೆ. ಬೆಳಿಗ್ಗೆ ಆರಕ್ಕೆ ಟಿವಿಎಸ್ ತರುತ್ತೇನೆ, ಕ್ಯಾನ್ ತೊಳೆದು ಜಗಲಿ ಮೇಲಿಡು.

ಬಾಗೇಪಲ್ಲಿ ಅತ್ತೆ: ನೀಲಿ ಕ್ಯಾನ್ ಮುಚ್ಚಳ ಸೋರುತ್ತದೆ ಅಣ್ಣ. ನೆಟ್ಟಗೆ ಇಟ್ಟು ಕಟ್ಟು.